ಎಲೆ ಉದುರಿದ ಮರ ಬರೆದರೆ ಅದು ಸಾವಿನ ಚಿತ್ರವೇ ಆಗಬೇಕಾ?

ಬೋಳುಕೊಂಬೆ:

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದು ವಿಷಯ ತಲೆ ಕೊರೆಯುತ್ತಿದೆ. ಇಲ್ಲಿ ಚಿತ್ರ ಬರೆಯುವವರು, ಚಿತ್ರ ನೋಡುವವರು ಇಬ್ಬರೂ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ನಾನು ಜಲವರ್ಣದಲ್ಲಿ ನಿಸರ್ಗಚಿತ್ರ ಬರೆಯುತ್ತೇನೆ. ಶುರು ಮಾಡಿ ನಾಲ್ಕು ವರ್ಷ ಆಯಿತು. ಈಚೆಗೆ ಬರೆದ ಒಂದರಲ್ಲಿ ಇರುವುದು ಇಷ್ಟೇ: ಒಂದು ಇಳಿಜಾರು, ಅದರ ಮೇಲೆ ಎಲೆಯೆಲ್ಲ ಉದುರಿದ ಒಂದೇ ಮರ, ಹಿಂದೆ ತಿಳಿಹಳದಿ ಆಕಾಶ. ಬೆಳಗಿನ ಹೊತ್ತಿನಲ್ಲಿ ಆ ಮರ ನೋಡಿದಾಗ ನನಗೆ ತುಂಬಾ ಖುಷಿಯಾಗಿತ್ತು. ಇನ್ನು ಸ್ವಲ್ಪ ದಿನ, ಚಿಗುರಿಬಿಡುತ್ತೇನೆ ಅನ್ನುವ ಹಾಗೆ ನಿಂತಿತ್ತು. ಆ ಖುಷಿಯನ್ನೇ ಬರೆಯಬೇಕು ಅಂತ ಕೂತಿದ್ದೆ.

ಒಂದು ಸಣ್ಣ ಗುಂಪು ಪ್ರದರ್ಶನದಲ್ಲಿ ಅದನ್ನು ಇಟ್ಟೆ. ನೋಡಿದವರೆಲ್ಲ ಬಾಯಿಬಿಟ್ಟರೆ ದುಃಖ, ಒಂಟಿತನ, ಮುಪ್ಪು. ಒಬ್ಬರಂತೂ ಮೆಲ್ಲಗೆ ಹತ್ತಿರ ಬಂದು ಮನೆಯಲ್ಲಿ ಯಾರಾದರೂ ತೀರಿಹೋದರಾ ಅಂತ ಕೇಳಿದರು. ಇನ್ನೊಬ್ಬರು, ಕಲೆ ಓದಿಕೊಂಡವರೇ, ಒಣಮರ ಅಂದರೆ ಸಾವು, ಸೈಪ್ರಸ್ ಅಂದರೆ ಶೋಕ, ಪೈನ್ ಅಂದರೆ ದೀರ್ಘಾಯುಷ್ಯ, ಇದೆಲ್ಲ ಮೊದಲಿಂದ ಗೊತ್ತುಮಾಡಿಟ್ಟಿರುವ ಅರ್ಥ, ನೀವು ಅದನ್ನು ತಿಳಿದುಕೊಂಡು ಬರೆಯಬೇಕಿತ್ತು ಅಂದರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಾನು ಕಂಡ ಮರ ಬೇರೆ, ಅವರು ಕಂಡ ಮರ ಬೇರೆ. ನಿಜವಾಗಿಯೂ ಹೀಗೆ ಒಂದು ಕೋಷ್ಟಕ ಇದೆಯಾ? ಇದ್ದರೆ ನಾನು ಅದಕ್ಕೆ ಕಟ್ಟುಬೀಳಲೇಬೇಕಾ?

ಹಳೇಕುಂಚ:

ಕೋಷ್ಟಕ ಇಲ್ಲ. ಮೊದಲು ನೆಮ್ಮದಿಯಾಗಿ ನಿದ್ದೆ ಮಾಡಿ.

ನಿಮಗೆ ಒಂದು ಚಿತ್ರ ಹೇಳುತ್ತೇನೆ. ಚೀನಾದ ಗುವೊ ಶಿ 1072ರಲ್ಲಿ ರೇಷ್ಮೆಯ ಮೇಲೆ ಮಸಿಯಲ್ಲಿ ಬರೆದದ್ದು, ಈಗ ತೈಪೆಯ ರಾಷ್ಟ್ರೀಯ ಅರಮನೆ ಸಂಗ್ರಹಾಲಯದಲ್ಲಿದೆ. ದೊಡ್ಡ ಬೆಟ್ಟ, ಮಂಜು, ಬೆಟ್ಟದ ಸಂದಿಗೊಂದಿಯಲ್ಲೆಲ್ಲ ಮರಗಳು. ಬಹಳಷ್ಟು ಮರಗಳಲ್ಲಿ ಎಲೆ ಇಲ್ಲ. ಕೊಂಬೆಯ ತುದಿಗಳು ಕೆಳಕ್ಕೆ ಬಾಗಿ ಕೊಕ್ಕೆಯಾಗಿವೆ. ಆ ರೀತಿಯ ಕೊಂಬೆಗೆ ಅಲ್ಲಿನ ಚಿತ್ರಕಾರರು 'ಏಡಿಯ ಉಗುರು' ಅಂತಲೇ ಹೆಸರಿಟ್ಟಿದ್ದಾರೆ. ಈಗ ಆ ಚಿತ್ರದ ಹೆಸರು ಕೇಳಿ: 'ವಸಂತದ ಶುರು'. ಅಂದರೆ ಸುಮಾರು 950 ವರ್ಷದ ಹಿಂದೆಯೇ ಒಬ್ಬ ದೊಡ್ಡ ಕಲಾವಿದ ನೀವು ಕಂಡದ್ದನ್ನೇ ಕಂಡಿದ್ದ. ಎಲೆ ಇಲ್ಲ, ಆದರೆ ಸಾವಲ್ಲ. ಮಂಜು ಏಳುತ್ತಿದೆ, ನೀರು ಹರಿಯುತ್ತಿದೆ, ನೆಲ ಬಿಸಿಯಾಗುತ್ತಿದೆ. ಅದರ ನಡುವೆ ಇಟ್ಟ ಬೋಳುಮರ ಶುರುವಾತಿನ ಮರ ಆಗುತ್ತದೆ.

ಅದೇ ಬೋಳುಮರವನ್ನು ಫ್ರೀಡ್ರಿಕ್ ಎಲ್ಲಿ ಇಟ್ಟ ನೋಡಿ. ಕಾಸ್ಪರ್ ಡೇವಿಡ್ ಫ್ರೀಡ್ರಿಕ್, ಜರ್ಮನಿಯವನು, 1809-10ರಲ್ಲಿ ಬರೆದ ಚಿತ್ರ. ಪಾಳುಬಿದ್ದ ಮಠದ ಒಂದೇ ಒಂದು ಗೋಡೆ ನಿಂತಿದೆ, ಸುತ್ತ ಮುರಿದ ಕೊಂಬೆಗಳ ಓಕ್ ಮರಗಳು, ಕೆಳಗೆ ಸನ್ಯಾಸಿಗಳು ಶವಪೆಟ್ಟಿಗೆ ಹೊತ್ತು ನಡೆಯುತ್ತಿದ್ದಾರೆ. ಇಲ್ಲಿ ಆ ಮರಗಳಿಗೆ ಸಾವು ಅಂಟಿಕೊಂಡಿತು. ಅಂಟಿಸಿದ್ದು ಮರವಲ್ಲ, ಅದರ ಅಕ್ಕಪಕ್ಕ ಇರುವುದು. ಒಂದು ಮಾತಿಗೆ ಸುತ್ತಲಿನ ಮಾತಿನಿಂದ ಅರ್ಥ ಬರುತ್ತದಲ್ಲ, ಮರಕ್ಕೂ ಹಾಗೇ.

ಇದ್ದಿಲುಕಡ್ಡಿ:

ಹಳೇಕುಂಚ ಸರ್, ನಿಮ್ಮ ಮಾತಿಗೆ ಅರ್ಧ ಒಪ್ಪಿಗೆ. ಕೋಷ್ಟಕ ಇಲ್ಲ ಅಂತ ಒಂದೇ ಏಟಿಗೆ ಹೇಳಿಬಿಟ್ಟರೆ ಅದೂ ತಪ್ಪಾಗುತ್ತದೆ.

ನೀವೇ ಹೇಳಿದ ಫ್ರೀಡ್ರಿಕ್ 1808ರಲ್ಲಿ ಬೆಟ್ಟದ ತುದಿಯ ಶಿಲುಬೆಯ ಚಿತ್ರ ಬರೆದ. ಶಿಲುಬೆಯ ಸುತ್ತ ಫರ್ ಮರಗಳು. ಪೂಜೆಯ ಜಾಗದಲ್ಲಿ ನಿಸರ್ಗಚಿತ್ರ ಇಡುವುದಾ ಅಂತ ಆಗ ಒಬ್ಬ ವಿಮರ್ಶಕ ಜೋರಾಗಿ ಜಗಳ ತೆಗೆದ. ಫ್ರೀಡ್ರಿಕ್ ಉತ್ತರವಾಗಿ ತನ್ನ ಚಿತ್ರಕ್ಕೆ ತಾನೇ ವಿವರಣೆ ಕೊಟ್ಟ. ಯಾವ ಕಾಲದಲ್ಲೂ ಹಸಿರಾಗಿಯೇ ಇರುವ ಈ ಮರಗಳು ಮನುಷ್ಯರ ಭರವಸೆಯ ಹಾಗೆ ಅಲ್ಲಿ ನಿಂತಿವೆ ಅನ್ನುವುದು ಅದರ ತಿರುಳು. ಅಂದರೆ ಆತ ಬೇಕಂತಲೇ ಆ ಜಾತಿಯ ಮರ ಆರಿಸಿದ್ದ. ಎಲೆ ಉದುರಿಸುವ ಮರ ಹಾಕಿದ್ದರೆ ಆ ಮಾತು ಕೂರುತ್ತಿರಲಿಲ್ಲ.

ಇನ್ನೂ ಹಿಂದಕ್ಕೆ ಹೋಗಿ. ಇಟಲಿಯ ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ 1460ರ ದಶಕದಲ್ಲಿ ಗೋಡೆಯ ಮೇಲೆ ಬರೆದ ಯೇಸುವಿನ ಪುನರುತ್ಥಾನ. ಯೇಸು ಸಮಾಧಿಯಿಂದ ಎದ್ದು ನಡುವೆ ನಿಂತಿದ್ದಾನೆ. ನಮ್ಮ ಎಡಕ್ಕೆ ಇರುವ ಮರಗಳು ಬೋಳು, ಬಲಕ್ಕೆ ಇರುವ ಮರಗಳ ತುಂಬ ಎಲೆ. ಎಡದಿಂದ ಬಲಕ್ಕೆ ಕಣ್ಣು ಹಾಯಿಸಿದರೆ ಸಾವಿನಿಂದ ಬದುಕಿಗೆ ದಾಟಿದ ಹಾಗೆ. ಇದು ಆಕಸ್ಮಿಕ ಅಂತ ಯಾರೂ ಹೇಳಲಾರರು.

ಹಾಗಾಗಿ ನಿಮ್ಮ ಚಿತ್ರ ನೋಡಿದವರನ್ನು ಪೂರ್ತಿ ತಪ್ಪು ಅನ್ನಬೇಡಿ. ನೂರಾರು ವರ್ಷದಿಂದ ಜನರ ಕಣ್ಣಿಗೆ ಒಂದು ಅಭ್ಯಾಸ ಆಗಿದೆ. ಬೋಳು ಅಂದರೆ ಹೋದದ್ದು, ಹಸಿರು ಅಂದರೆ ಇರುವುದು. ನೀವು ಆ ಅಭ್ಯಾಸದ ವಿರುದ್ಧ ಏನೋ ಹೇಳಬೇಕಾದರೆ ಚಿತ್ರದ ಒಳಗೆ ಅದಕ್ಕೆ ಸಾಕಷ್ಟು ಗುರುತು ಬಿಡಬೇಕು. ಗುವೊ ಶಿ ಮಂಜು, ನೀರು, ಬೆಳಕು ಎಲ್ಲ ಬಿಟ್ಟಿದ್ದ. ನೀವು ಏನು ಬಿಟ್ಟಿದ್ದಿರಿ?

ಬೋಳುಕೊಂಬೆ:

ಹಳದಿ ಆಕಾಶ ಬಿಟ್ಟಿದ್ದೆ. ಅದು ಬೆಳಗು ಅಂತ ನನಗೆ ಗೊತ್ತಿತ್ತು. ನೋಡುವವರಿಗೆ ಸಂಜೆಯೂ ಆಗಬಹುದು ಅಂತ ಈಗ ಹೊಳೆಯುತ್ತಿದೆ.

ಎರಡನೇಸಾಲು:

ನಾನು ಬರೆಯುವವಳಲ್ಲ, ಬರೀ ನೋಡುವವಳು. ಒಂದು ಸಣ್ಣ ಪ್ರಶ್ನೆ. ಸೈಪ್ರಸ್ ಯಾಕೆ ಶೋಕದ ಮರ ಆಯಿತು? ವ್ಯಾನ್ ಗೋ ಚಿತ್ರಗಳಲ್ಲಿ ಸೈಪ್ರಸ್ ಬಂದಾಗಲೆಲ್ಲ ಅದು ಆತನ ಸಾವಿನ ಮುನ್ಸೂಚನೆ ಅಂತ ಬರೆಯುತ್ತಾರೆ. ನನಗೆ ಯಾವತ್ತೂ ಹಾಗೆ ಕಾಣಲೇ ಇಲ್ಲ.

ಹಳೇಕುಂಚ:

ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಊರುಗಳಲ್ಲಿ ಸ್ಮಶಾನದ ಪಕ್ಕ ಸೈಪ್ರಸ್ ನೆಡುವ ವಾಡಿಕೆ ಬಹಳ ಹಳೆಯದು. ರೋಮನ್ನರ ಕಾಲದಲ್ಲೇ ಅದು ಪಾತಾಳದ ದೇವರ ಮರ. ಚಿತ್ರಕಾರರು ಅದನ್ನು ಎತ್ತಿಕೊಂಡರು, ಅಷ್ಟೇ. ಬೊಕ್ಲಿನ್ ಅನ್ನುವ ಸ್ವಿಸ್ ಕಲಾವಿದ 1880ರಿಂದ 1886ರ ನಡುವೆ 'ಸತ್ತವರ ದ್ವೀಪ' ಅಂತ ಒಂದೇ ವಿಷಯವನ್ನು ಐದು ಸಲ ಬರೆದ. ಬಂಡೆಗಳ ನಡುವೆ ಕಪ್ಪು ಸೈಪ್ರಸ್‌ಗಳ ಗುಂಪು, ಅದರ ಕಡೆಗೆ ಹೋಗುತ್ತಿರುವ ದೋಣಿ, ದೋಣಿಯಲ್ಲಿ ಬಿಳಿ ಬಟ್ಟೆ ಹೊದ್ದು ನಿಂತ ಆಕೃತಿ.

ಆದರೆ ಪರ್ಷಿಯಾಕ್ಕೆ ಬನ್ನಿ. ಅದೇ ಸೈಪ್ರಸ್ ಅಲ್ಲಿ ಪ್ರೇಯಸಿಯ ನೀಳ ನಿಲುವು. ಅವರ ಕಾವ್ಯದಲ್ಲಿ ಚೆಲುವೆಯನ್ನು ನಡೆದಾಡುವ ಸೈಪ್ರಸ್ ಅಂತ ಕರೆಯುತ್ತಾರೆ. ಅವರ ಪುಟ್ಟ ಅಳತೆಯ ವರ್ಣಚಿತ್ರಗಳಲ್ಲಿ ನೆಟ್ಟಗೆ ನಿಂತ ಸೈಪ್ರಸ್‌ಗೆ ಹೂಬಿಟ್ಟ ಹಣ್ಣಿನ ಮರ ಒರಗಿ, ತಬ್ಬಿಕೊಂಡು ಇರುತ್ತದೆ. ಕೆಳಗೆ ಪ್ರೇಮಿಗಳು ಕೂತಿರುತ್ತಾರೆ, ಮೇಲೆ ಮರಗಳು ಅವರ ಮಾತನ್ನು ಆಡುತ್ತವೆ. ಒಂದೇ ಮರ. ಒಂದು ಕಡೆ ಸ್ಮಶಾನ, ಇನ್ನೊಂದು ಕಡೆ ಅಪ್ಪುಗೆ.

ವ್ಯಾನ್ ಗೋ ವಿಷಯದಲ್ಲಿ ನಿಮ್ಮ ಕಣ್ಣೇ ಸರಿ ಅಂತ ನನಗೆ ಅನ್ನಿಸುತ್ತದೆ. 1889ರ ಜೂನ್‌ನಲ್ಲಿ ತನ್ನ ತಮ್ಮ ಥಿಯೋಗೆ ಬರೆದ ಕಾಗದದಲ್ಲಿ ಆತ ಸಾವಿನ ಮಾತೇ ಎತ್ತಿಲ್ಲ. ಸೈಪ್ರಸ್‌ಗಳು ಸದಾ ತಲೆಯಲ್ಲಿ ತುಂಬಿಕೊಂಡಿವೆ, ತಾನು ಕಂಡ ಹಾಗೆ ಇನ್ನೂ ಯಾರೂ ಅವನ್ನು ಬರೆದಿಲ್ಲವಲ್ಲ ಅಂತ ಆಶ್ಚರ್ಯ, ಗೆರೆಯಲ್ಲಿ ಅಳತೆಯಲ್ಲಿ ಈಜಿಪ್ಟಿನ ಕಂಬದ ಹಾಗೆ ಚೆಂದ, ಬಿಸಿಲು ತುಂಬಿದ ಬಯಲಿನಲ್ಲಿ ಒಂದು ಕಪ್ಪು ಕಲೆ, ಆದರೆ ಆ ಕಪ್ಪನ್ನು ಸರಿಯಾಗಿ ಹಿಡಿಯುವುದು ಬಹಳ ಕಷ್ಟ, ಹೀಗೆ ಬರೆಯುತ್ತಾನೆ. ಇದು ಕೆಲಸದಲ್ಲಿ ಮುಳುಗಿದವನ ಮಾತು. ಆತ ಸತ್ತ ರೀತಿ ನಮಗೆ ಗೊತ್ತಿರುವುದರಿಂದ ನಾವು ಹಿಂದಕ್ಕೆ ಹೋಗಿ ಮರಕ್ಕೆಲ್ಲ ಸಾವು ಬಳಿಯುತ್ತೇವೆ. ಅದು ಆತನಿಗೆ ಮಾಡುವ ಅನ್ಯಾಯ.

ಬೇರುಬಿಳಲು:

ವ್ಯಾನ್ ಗೋ ಹೆಸರು ಬಂದ ಮೇಲೆ ಸುಮ್ನೆ ಇರಲು ಆಗಲಿಲ್ಲ. ಕೊಂಬೆ ಬಿಡಿ, ಬೇರು ನೋಡಿ.

1882ರಲ್ಲಿ, ಇನ್ನೂ ಬಣ್ಣಕ್ಕೆ ಕೈ ಹಚ್ಚುವ ಮೊದಲೇ ಅನ್ನಬಹುದು, ಆತ ಮರಳು ನೆಲದಲ್ಲಿ ಅರ್ಧ ಕಿತ್ತುಬಂದ ಬೇರುಗಳ ಚಿತ್ರ ಬರೆದ. ಅದೇ ಸಮಯದಲ್ಲಿ ಮುಖ ಮುಚ್ಚಿಕೊಂಡು ಕೂತ ಬೆತ್ತಲೆ ಹೆಂಗಸಿನ ಚಿತ್ರವನ್ನೂ ಬರೆದಿದ್ದ. ಎರಡರಲ್ಲೂ ಒಂದೇ ಸಂಗತಿ ಹೇಳಲು ನೋಡಿದ್ದೇನೆ ಅಂತ ಥಿಯೋಗೆ ತಿಳಿಸಿದ. ಬಿರುಗಾಳಿ ಅರ್ಧ ಕಿತ್ತರೂ ನೆಲವನ್ನು ಜಪ್ಪಯ್ಯ ಅಂದರೂ ಬಿಡದೆ ಹಿಡಿದಿರುವುದು, ಬದುಕಿನ ಗುದ್ದಾಟ. ಇಲ್ಲಿ ಸಂಕೇತ ಇದೆ, ಕಲಾವಿದನೇ ಬಾಯಿಬಿಟ್ಟು ಹೇಳಿದ್ದಾನೆ. ಆದರೆ ಯಾವ ಜಾತಿಯ ಮರ ಅನ್ನುವುದು ಅಲ್ಲಿ ಲೆಕ್ಕಕ್ಕೇ ಬರಲಿಲ್ಲ. ಮರ ಏನು ಮಾಡುತ್ತಿದೆ ಅನ್ನುವುದೇ ಅರ್ಥ. ಹಿಡಿದುಕೊಂಡಿದೆ.

1890ರ ಜುಲೈನಲ್ಲಿ, ಆತ ಕೊನೆಯದಾಗಿ ಕೈಯಿಟ್ಟ ಚಿತ್ರವೂ ಬೇರುಗಳದ್ದೇ. ಅದು ಮುಗಿಯಲಿಲ್ಲ. ಮೊದಲ ಸಲ ನೋಡಿದಾಗ ಬರೀ ನೀಲಿ, ಹಳದಿ, ಹಸಿರು ಗೆರೆಗಳು ಅನ್ನಿಸುತ್ತದೆ. ಸ್ವಲ್ಪ ಹೊತ್ತು ನಿಂತು ನೋಡಬೇಕು, ಆಗ ಇಳಿಜಾರಿನ ಮಣ್ಣು ಬಿಟ್ಟುಕೊಂಡು ಹೊರಬಂದ ಬೇರುಗಳು ಅಂತ ಗೊತ್ತಾಗುತ್ತದೆ. ಆ ಎರಡು ಬೇರಿನ ಚಿತ್ರಗಳ ನಡುವೆ ಎಂಟು ವರ್ಷ. ನನಗೆ ಪ್ರತಿ ಸಲ ಗಂಟಲು ಕಟ್ಟುತ್ತದೆ.

ಅದರ ಜೊತೆಗೇ ಅದೇ 1890ರ ಫೆಬ್ರವರಿಯ ಬಾದಾಮಿ ಹೂವನ್ನೂ ನೆನಪಿಡಿ. ಜನವರಿ 31ಕ್ಕೆ ತಮ್ಮನಿಗೆ ಗಂಡು ಮಗು ಹುಟ್ಟಿತು, ಅದಕ್ಕೆ ಅಣ್ಣನ ಹೆಸರೇ ಇಟ್ಟರು. ಆ ಮಗುವಿಗೆ ಅಂತ ಬರೆದದ್ದು ಆ ಚಿತ್ರ. ಬಾದಾಮಿ ಮರ ಎಲೆ ಬರುವ ಮುಂಚೆಯೇ ಹೂ ಬಿಡುತ್ತದೆ. ಅಂದರೆ ಆತ ಬರೆದದ್ದೂ ಬೋಳುಕೊಂಬೆಯನ್ನೇ. ಅದರ ಮೇಲೆ ಹೂವು.

ತೊಗಟೆ:

ನಾನು ಮರಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಯಾವ ಕೊಂಬೆ ಸತ್ತಿದೆ, ಯಾವುದನ್ನು ಕಡಿಯಬೇಕು, ಯಾವುದನ್ನು ಬಿಡಬೇಕು ಅಂತ ದಿನಾ ನೋಡುವವನು. ಕಲೆಯ ಇತಿಹಾಸ ನನಗೆ ಜಾಸ್ತಿ ಗೊತ್ತಿಲ್ಲ. ಆದರೆ ಬೋಳುಕೊಂಬೆ ಅವರೇ, ನಿಮ್ಮ ಪ್ರಶ್ನೆ ಓದಿದಾಗ ನನಗೆ ಹೊಳೆದದ್ದು ಬೇರೆಯೇ.

ಎಲೆ ಉದುರಿದ ಮರ ಬೇರೆ, ಸತ್ತ ಮರ ಬೇರೆ. ದೂರದಿಂದಲೇ ಗೊತ್ತಾಗುತ್ತದೆ. ಸತ್ತ ಮರದಲ್ಲಿ ಮೊದಲು ಹೋಗುವುದು ಸಣ್ಣ ಕಡ್ಡಿಗಳು. ಗಾಳಿಗೆ ಒಂದೊಂದೇ ಮುರಿದು ಬೀಳುತ್ತವೆ. ಒಂದೆರಡು ವರ್ಷದಲ್ಲಿ ದಪ್ಪ ಕೊಂಬೆಗಳಷ್ಟೇ ಉಳಿಯುತ್ತವೆ, ತುದಿಗಳು ಮೊಂಡಾಗಿರುತ್ತವೆ. ತೊಗಟೆ ಹಾಳೆಹಾಳೆಯಾಗಿ ಎದ್ದು ಬಂದಿರುತ್ತದೆ, ಕೆಳಗಿನ ಮರ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಬದುಕಿರುವ ಮರ ಎಲೆ ಉದುರಿಸಿದಾಗ ಹಾಗಲ್ಲ. ದಪ್ಪ ಕೊಂಬೆ, ಅದರಿಂದ ಸಣ್ಣ ಕೊಂಬೆ, ಅದರಿಂದ ಕಡ್ಡಿ, ಕಡ್ಡಿಯಿಂದ ಇನ್ನೂ ಸಣ್ಣ ಕಡ್ಡಿ, ಹೀಗೆ ತುದಿಗೆ ಬಂದಾಗ ಸಾವಿರಾರು ಎಳೆಗಳು ಸೇರಿ ಮರದ ತಲೆಯ ಸುತ್ತ ಒಂದು ತೆಳ್ಳಗಿನ ಹೊಗೆ ಕಟ್ಟಿದ ಹಾಗೆ ಕಾಣುತ್ತದೆ. ಹತ್ತಿರ ಹೋಗಿ ಒಂದು ಕಡ್ಡಿ ಹಿಡಿದು ನೋಡಿ. ಬಗ್ಗುತ್ತದೆ, ಮುರಿಯುವುದಿಲ್ಲ. ಉಗುರಿನಿಂದ ಒಂಚೂರು ಕೆರೆದರೆ ಒಳಗೆ ಹಸಿರು. ತುದಿಯಲ್ಲಿ ಮೊಗ್ಗು ಇದ್ದೇ ಇರುತ್ತದೆ, ಪುಟ್ಟ ಹುರುಪೆ ಹೊದ್ದುಕೊಂಡು, ಭತ್ತದ ಕಾಳಿನಷ್ಟು. ಬಹಳಷ್ಟು ಮರಗಳಲ್ಲಿ ಈ ಮೊಗ್ಗು ಹಳೇ ಎಲೆ ಬೀಳುವ ಮೊದಲೇ ತಯಾರಾಗಿರುತ್ತದೆ.

ಕೇಳಲೇಬೇಕಾದ ಪ್ರಶ್ನೆ: ನಿಮ್ಮ ಚಿತ್ರದಲ್ಲಿ ಆ ಸಣ್ಣ ಕಡ್ಡಿಗಳು ಇದ್ದವಾ?

ಬೋಳುಕೊಂಬೆ:

ಇರಲಿಲ್ಲ. ಈಗಷ್ಟೇ ಗೋಡೆಯಿಂದ ಇಳಿಸಿ ನೋಡಿದೆ. ಕಾಂಡ, ಏಳೆಂಟು ದಪ್ಪ ಕೊಂಬೆ, ಚಪ್ಪಟೆ ಕುಂಚದಲ್ಲಿ ಎಳೆದು ಅಲ್ಲಿಗೇ ನಿಲ್ಲಿಸಿದ್ದೇನೆ. ತುದಿಗಳೆಲ್ಲ ಮೊಂಡು. ಸಣ್ಣದೆಲ್ಲ ಸೇರಿಸಿದರೆ ಗಲೀಜಾಗುತ್ತದೆ ಅಂತ ಬಿಟ್ಟಿದ್ದೆ. ನಾನು ಬದುಕಿರುವ ಮರ ನೋಡಿ ಸತ್ತ ಮರ ಬರೆದಿದ್ದೇನೆ. ಆ ಪ್ರದರ್ಶನಕ್ಕೆ ಬಂದವರು ಇದ್ದದ್ದನ್ನೇ ನೋಡಿದ್ದರು.

ಇದ್ದಿಲುಕಡ್ಡಿ:

ತೊಗಟೆ ಅವರೇ, ಈ ಚರ್ಚೆಯಲ್ಲಿ ಇದಕ್ಕಿಂತ ಒಳ್ಳೆಯ ಉತ್ತರ ಬರಲಿಕ್ಕಿಲ್ಲ. ನೀವು ಹೇಳಿದ್ದನ್ನು ಇಟ್ಟುಕೊಂಡು ಫ್ರೀಡ್ರಿಕ್‌ನ 1822ರ 'ಒಂಟಿ ಮರ' ನೋಡಿದೆ, ಬರ್ಲಿನ್‌ನಲ್ಲಿ ಇರುವುದು. ಬಯಲಿನ ನಡುವೆ ಒಂದು ಹಳೇ ಓಕ್. ಮೇಲ್ಗಡೆ ಸತ್ತಿದೆ, ನೀವು ಹೇಳಿದ ಹಾಗೆಯೇ ಮೊಂಡು ತುದಿಗಳು ಆಕಾಶಕ್ಕೆ ಚುಚ್ಚಿಕೊಂಡಿವೆ. ಕೆಳಗಿನ ಕೊಂಬೆಗಳಲ್ಲಿ ಮಾತ್ರ ಎಲೆ ಇದೆ. ಕಾಂಡಕ್ಕೆ ಒರಗಿ ಒಬ್ಬ ಕುರಿಗಾಹಿ ನಿಂತಿದ್ದಾನೆ, ಮುಂದೆ ಕುರಿಗಳು. ಒಂದೇ ಮರದಲ್ಲಿ ಎರಡೂ ಬರೆದಿದ್ದಾನೆ. ಎಷ್ಟು ಸಲ ನೋಡಿದ್ದೆ, ಆ ಗಡಿ ಎಲ್ಲಿ ಬರುತ್ತದೆ ಅಂತ ಇವತ್ತೇ ಗಮನಿಸಿದ್ದು.

ಮುರಿದ ಮರದ ಇನ್ನೊಂದು ಬಗೆಯೂ ಇದೆ, ಅದನ್ನು ಹೇಳದೆ ಬಿಡಲಾರೆ. ತಾನಾಗಿ ಸತ್ತದ್ದಲ್ಲ, ಯಾರೋ ಕೊಂದದ್ದು. ಇಂಗ್ಲೆಂಡಿನ ಚಿತ್ರಕಾರ ಪಾಲ್ ನ್ಯಾಶ್ ಮೊದಲ ಮಹಾಯುದ್ಧದಲ್ಲಿ ಸೈನಿಕನಾಗಿದ್ದ, ಆಮೇಲೆ ಯುದ್ಧದ ಚಿತ್ರ ಬರೆಯಲು ಅದೇ ನೆಲಕ್ಕೆ ವಾಪಸ್ ಹೋದ. 1918ರಲ್ಲಿ ಆತ ಬರೆದ ಚಿತ್ರದ ಹೆಸರು 'ನಾವು ಹೊಸ ಜಗತ್ತು ಕಟ್ಟುತ್ತಿದ್ದೇವೆ'. ಗುಂಡು ಬಿದ್ದು ಕಲಕಿಹೋದ ನೆಲ, ಅಲ್ಲಲ್ಲಿ ಮೋಟುಮರಗಳು, ಹಿಂದೆ ಸೂರ್ಯ ಹುಟ್ಟುತ್ತಿದ್ದಾನೆ. ಒಬ್ಬ ಮನುಷ್ಯನೂ ಇಲ್ಲ, ಒಂದು ಹೆಣವೂ ಇಲ್ಲ. ಬೇಕಾಗಿಯೂ ಇಲ್ಲ. ಆ ಮೋಟುಗಳೇ ನಿಂತ ಜನರ ಹಾಗಿವೆ. ಚೆನ್ನಾಗಿ ಬೆಳಗುವ ಸೂರ್ಯನನ್ನು ಪಕ್ಕದಲ್ಲಿಟ್ಟರೂ ಅಲ್ಲಿ ಭರವಸೆ ಹುಟ್ಟುವುದಿಲ್ಲ. ಹಾಗಾಗಿ ಹಳೇಕುಂಚ ಸರ್ ಹೇಳಿದ 'ಅಕ್ಕಪಕ್ಕ' ಒಂದೇ ಸಾಲದು, ಮರದ ಮೈಮೇಲೆ ಏನಾಗಿದೆ ಅನ್ನುವುದೂ ಬೇಕು.

ಇನ್ನೊಂದು, ಇಂಗ್ಲೆಂಡಿನ ನಿಸರ್ಗಚಿತ್ರಕಾರ ಜಾನ್ ಕಾನ್‌ಸ್ಟೆಬಲ್ ಹೇಳಿದ ಆಶ್ ಮರದ ಕಥೆ. 1836ರಲ್ಲಿ ಒಂದು ಉಪನ್ಯಾಸ ಕೊಡುವಾಗ ಆತ ತಾನು ಬರೆದ ಒಂದು ಆಶ್ ಮರದ ಚಿತ್ರ ತೋರಿಸಿದ. ಮರವನ್ನು ಹೆಣ್ಣು ಅಂತಲೇ ಮಾತಾಡಿದ. ಆಕೆ ಎದೆಯೊಡೆದು ಸತ್ತಳು ಅಂದ. ಆಗಿದ್ದೇನೆಂದರೆ, ಅಲೆಮಾರಿಗಳಿಗೂ ಭಿಕ್ಷುಕರಿಗೂ ಶಿಕ್ಷೆಯಾಗುತ್ತದೆ ಅಂತ ಎಚ್ಚರಿಕೆಯ ಫಲಕವೊಂದನ್ನು ತಂದು ಆ ಮರಕ್ಕೆ ಮೊಳೆ ಹೊಡೆದಿದ್ದರು. ಆ ಅವಮಾನ ಆಕೆಗೆ ತಾಕಿತೇನೋ ಅನ್ನುವ ಹಾಗೆ ತುದಿಯ ಕೊಂಬೆಗಳು ಒಣಗತೊಡಗಿದವು, ಸ್ವಲ್ಪ ಕಾಲದಲ್ಲಿ ಅರ್ಧ ಮೈ ಹೋಯಿತು, ಆಮೇಲೆ ಉಳಿದರ್ಧ. ಕೊನೆಗೆ ಕಡಿದರು. ಎಷ್ಟು ಬಿಟ್ಟರು ಗೊತ್ತಾ? ಆ ಫಲಕ ನಿಲ್ಲುವಷ್ಟು ಎತ್ತರದ ಮೋಟು.

ತೊಗಟೆ:

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮೊಳೆ ಹೊಡೆದ ಮರಗಳನ್ನು ನಾನೂ ನೋಡಿದ್ದೇನೆ.

ಗೆರೆಬಣ್ಣ:

ಎಲ್ಲರೂ ಅರ್ಥದ ಹಿಂದೆ ಬಿದ್ದಿದ್ದೀರಿ, ನಾನು ಬೇರೆ ಕಡೆಯಿಂದ ಬರುತ್ತೇನೆ. ಮರ ಅಂದರೆ ಬರೀ ಮರ ಆಗಬಾರದಾ?

ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೊನೆ 1891ರಲ್ಲಿ ನದಿದಂಡೆಯ ಪಾಪ್ಲರ್ ಮರಗಳನ್ನು ಇಪ್ಪತ್ತಕ್ಕೂ ಹೆಚ್ಚು ಸಲ ಬರೆದ, ದೋಣಿಯಲ್ಲಿ ಕೂತು. ಚಿತ್ರಗಳು ಇನ್ನೂ ಅರ್ಧ ಆಗಿರುವಾಗಲೇ ಆ ಮರಗಳನ್ನು ಹರಾಜು ಹಾಕುತ್ತಾರೆ ಅಂತ ಗೊತ್ತಾಯಿತು. ಮೊನೆ ಒಬ್ಬ ಮರದ ವ್ಯಾಪಾರಿಯ ಜೊತೆ ಒಪ್ಪಂದ ಮಾಡಿಕೊಂಡು ತಾನೂ ದುಡ್ಡು ಹಾಕಿದ, ಚಿತ್ರ ಮುಗಿಯುವ ತನಕ ಕೊಡಲಿ ಹಾಕಬೇಡಿ ಅಂತ. ಚಿತ್ರ ಮುಗಿದ ಮೇಲೆ ಮರ ಹೋಯಿತು. ಆತನಿಗೆ ಬೇಕಿದ್ದದ್ದು ಬೆಳಕು, ನೆಟ್ಟನೆಯ ಕಾಂಡ, ನೀರಿನಲ್ಲಿ ಅದರ ನೆರಳು.

ಡಚ್ ಕಲಾವಿದ ಮೊಂಡ್ರಿಯಾನ್ ಇನ್ನೂ ಮುಂದೆ ಹೋದ. 1908ರ ಸುಮಾರಿಗೆ ಶುರುಮಾಡಿದ ಕೆಂಪು ಮರದಲ್ಲಿ ಇನ್ನೂ ಮರ ಕಾಣುತ್ತದೆ, ಉರಿಯುತ್ತಿದೆ ಅನ್ನಿಸುತ್ತದೆ. 1911ರ ಬೂದು ಮರದಲ್ಲಿ ಕೊಂಬೆಗಳು ಬಿಲ್ಲಿನಂಥ ಗೆರೆಗಳಾದವು. 1912ರ ಹೂಬಿಟ್ಟ ಸೇಬಿನ ಮರದಲ್ಲಿ ಹೂವೂ ಇಲ್ಲ, ಸೇಬೂ ಇಲ್ಲ, ಗೆರೆಗಳ ತೂಗಾಟ ಮಾತ್ರ. ಇಲ್ಲಿ ಸಾವು, ಬದುಕು, ಭರವಸೆ ಅಂತ ಹುಡುಕಿದರೆ ಎದುರಿಗೆ ಇರುವುದೇ ತಪ್ಪಿಹೋಗುತ್ತದೆ.

ಮೊಘಲ್ ಕಾಲದ ಅಬುಲ್ ಹಸನ್ ಬರೆದದ್ದು ಅನ್ನುವ ಅಳಿಲಿನ ಚಿತ್ರ ನೋಡಿದ್ದೀರಾ? ಸುಮಾರು 1610ರದ್ದು. ದೊಡ್ಡ ಚಿನಾರ್ ಮರ, ಎಲೆಗಳು ಹಳದಿ, ಕಿತ್ತಳೆ, ಹಸಿರು. ಕೊಂಬೆಗಳ ಮೇಲೆ ಅಳಿಲುಗಳ ಸಂಸಾರ. ಕೆಳಗೆ ಬರಿಗಾಲಲ್ಲಿ ಮರ ಹತ್ತಲು ನೋಡುತ್ತಿರುವ ಒಬ್ಬ. ನನಗೆ ಅಲ್ಲಿ ಸಿಗುವುದು ಬರೀ ನೋಟದ ಸುಖ. ಒಬ್ಬ ಮನುಷ್ಯ ಮರವನ್ನು ಅಷ್ಟು ಆಸೆಯಿಂದ ನೋಡಿದ್ದಾನಲ್ಲ, ಅದೇ ಸಾಕು.

ಹಳೇಕುಂಚ:

ಸಾಕು, ಖಂಡಿತ. ಆದರೆ ಮೊನೆ ಚಿತ್ರ ನೋಡಿದ ಫ್ರಾನ್ಸಿನ ಜನರಿಗೆ ಪಾಪ್ಲರ್ ಅಂದಾಗ ಇನ್ನೂ ಒಂದು ನೆನಪಿರುತ್ತಿತ್ತು. ಅವರ ಕ್ರಾಂತಿಯ ಕಾಲದಲ್ಲಿ ಊರೂರಲ್ಲಿ 'ಸ್ವಾತಂತ್ರ್ಯದ ಮರ' ನೆಟ್ಟರು, ಅದರಲ್ಲಿ ಪಾಪ್ಲರ್ ಬಹಳ. ಲ್ಯಾಟಿನ್‌ನಲ್ಲಿ ಆ ಮರದ ಹೆಸರೂ 'ಜನ' ಅನ್ನುವ ಪದವೂ ಒಂದೇ ಥರ ಕೇಳುತ್ತವೆ. ಮೊನೆ ಅದನ್ನು ಯೋಚಿಸಿ ಬರೆದ ಅಂತ ನಾನು ಹೇಳುತ್ತಿಲ್ಲ. ನೋಡುವವರು ತಮ್ಮ ನೆನಪು ಹೊತ್ತುಕೊಂಡೇ ಬರುತ್ತಾರೆ, ಅದನ್ನು ಬಾಗಿಲಲ್ಲಿ ಬಿಟ್ಟು ಬನ್ನಿ ಅನ್ನಲು ಆಗುವುದಿಲ್ಲ, ಅಲ್ವಾ.

ಡಚ್ ಕಲಾವಿದ ರೆಂಬ್ರಾಂಟ್ 1643ರಲ್ಲಿ ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ಹಾಕಿದ 'ಮೂರು ಮರಗಳು' ಹೀಗೇ. ಬಲಗಡೆ ದಿಬ್ಬದ ಮೇಲೆ ಮೂರು ಮರ, ಎಡಗಡೆಯಿಂದ ಮಳೆ. ಮೂರು ಅಂದ ಕೂಡಲೇ ಕೆಲವರು ಯೇಸುವನ್ನು ಏರಿಸಿದ ಬೆಟ್ಟದ ಮೂರು ಶಿಲುಬೆ ಅಂದರು. ಇನ್ನು ಕೆಲವರು ಇಲ್ಲ, ಅದು ಮಳೆ ಬರುವ ಹೊತ್ತಿನ ಬಯಲು ಅಷ್ಟೇ ಅಂದರು. ಆ ಚಿತ್ರದ ಪೊದೆಯಲ್ಲಿ ಒಂದು ಜೋಡಿ ಅಡಗಿ ಕೂತಿದೆ, ದಿಬ್ಬದ ಮೇಲೆ ಒಬ್ಬ ಕೂತು ಏನೋ ಬರೆದುಕೊಳ್ಳುತ್ತಿದ್ದಾನೆ. ಮೂರು ಮರ ಶಿಲುಬೆ ಆಗಿದ್ದರೂ ಅವರಿಬ್ಬರಿಗೆ ಅದು ಮರೆ ಮಾತ್ರ. ನಾನು ಎರಡನ್ನೂ ಇಟ್ಟುಕೊಳ್ಳುತ್ತೇನೆ.

ಎರಡನೇಸಾಲು:

ಜಪಾನಿನ ತೊಹಾಕು ಬರೆದ ಪೈನ್ ಮರಗಳ ಬಗ್ಗೆ ಯಾರಾದರೂ ಹೇಳುತ್ತೀರಿ ಅಂತ ಕಾಯುತ್ತಿದ್ದೆ. ನಾನೇ ಹೇಳುತ್ತೇನೆ. 16ನೇ ಶತಮಾನದ ಕೊನೆಯದು, ಮಡಚುವ ತಡಿಕೆಗಳ ಮೇಲೆ ಬರೀ ಮಸಿ. ಕೆಲವು ಮರಗಳು ಕಪ್ಪಗೆ, ಕೆಲವು ಮಂಜಿನಲ್ಲಿ ಮುಕ್ಕಾಲು ಮರೆಯಾಗಿ. ಉಳಿದದ್ದೆಲ್ಲ ಖಾಲಿ ಕಾಗದ. ಹತ್ತಿರ ಹೋದರೆ ಒರಟು ಗೀಟುಗಳು, ಹಿಂದೆ ಸರಿದರೆ ಗಾಳಿ. ಪೈನ್ ಅಂದರೆ ದೀರ್ಘಾಯುಷ್ಯ ಅನ್ನುವುದು ಅಲ್ಲಿಯೂ ಇದೆ. ಜೊತೆಗೆ ಜಪಾನಿ ಮಾತಿನಲ್ಲಿ 'ಮತ್ಸು' ಅಂದರೆ ಪೈನ್ ಮರ, 'ಮತ್ಸು' ಅಂದರೆ ಕಾಯುವುದು. ಅವರ ಕವಿಗಳು ಇದನ್ನು ತುಂಬಾ ಬಳಸಿದ್ದಾರೆ. ಅದು ತಿಳಿದ ಮೇಲೆ ಆ ಮಂಜಿನ ಮರಗಳು ನನಗೆ ಯಾರಿಗೋ ಕಾಯುತ್ತಿರುವ ಹಾಗೆಯೇ ಕಾಣುತ್ತವೆ.

ಬೋಳುಕೊಂಬೆ ಅವರ ಮರವೂ ಚಿಗುರಿಗೆ ಕಾಯುತ್ತಿತ್ತಲ್ವಾ.

ಹಳೇಕುಂಚ:

ಎಂಥ ಚೆಂದದ ಮಾತು ಹೇಳಿದಿರಿ. ಅದಕ್ಕೆ ಒಂದು ಜೋಡಿಸುತ್ತೇನೆ. ಚೀನಾದ ನೀ ಜಾನ್ 1345ರಲ್ಲಿ ಒಂದು ಸಣ್ಣ ದಂಡೆಯ ಮೇಲೆ ಆರು ಮರ ಬರೆದ. ಬೇರೆ ಬೇರೆ ಜಾತಿಯವು. ಹಿಂದೆ ಅಗಲವಾದ ನೀರು, ಅದರಾಚೆ ದೂರದ ಗುಡ್ಡ. ಆತನ ಹಿರಿಯ ಕಲಾವಿದ ಹುವಾಂಗ್ ಗೊಂಗ್‌ವಾಂಗ್ ಅದರ ಮೇಲೆ ಪದ್ಯ ಬರೆದು ಆ ಮರಗಳನ್ನು ನೆಟ್ಟಗೆ ನಿಂತ ಸಜ್ಜನರಿಗೆ ಹೋಲಿಸಿದ. 'ಆರು ಸಜ್ಜನರು' ಅನ್ನುವ ಹೆಸರೇ ನಿಂತುಬಿಟ್ಟಿತು. ಗಮನಿಸಿ, ಬರೆದವನು ಮರ ಬರೆದ, ನೋಡಿದವನು ಸಜ್ಜನರನ್ನು ಕಂಡ. ಆದರೆ ಕಾಣಲು ದಾರಿ ಮಾಡಿಕೊಟ್ಟದ್ದು ಆ ಮರಗಳ ನಡುವೆ ಬಿಟ್ಟ ಜಾಗ. ಒಂದರ ಮೇಲೊಂದು ಬೀಳದೆ, ಒತ್ತದೆ, ಒಟ್ಟಿಗೆ ನಿಂತಿವೆ.

ಬೋಳುಕೊಂಬೆ:

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಅದೇ ಮರದ ಹತ್ತಿರ ಮತ್ತೆ ಹೋಗಿದ್ದೆ. ಮೊದಲ ಸಲ ದೂರದಿಂದ ನೋಡಿ ಬಂದಿದ್ದೆ, ಈ ಸಲ ಕೊಂಬೆ ಕೈಯಲ್ಲಿ ಹಿಡಿದೆ. ತೊಗಟೆ ಅವರು ಹೇಳಿದ್ದು ಪ್ರತಿಯೊಂದೂ ಇತ್ತು. ಕಡ್ಡಿ ಬಗ್ಗಿತು. ಮೊಗ್ಗಿನ ಕೆಳಗೆ ಹಳೇ ಎಲೆ ಬಿದ್ದ ಜಾಗದ ಗುರುತು, ಅರ್ಧಚಂದ್ರದ ಹಾಗೆ, ಅದರಲ್ಲಿ ಮೂರು ಚುಕ್ಕಿ. ಎಷ್ಟು ವರ್ಷದಿಂದ ಮರ ಬರೆಯುತ್ತಿದ್ದೇನೆ, ಆ ಗುರುತು ನೋಡಿದ್ದು ಇದೇ ಮೊದಲು.

ಹೊಸ ಕಾಗದದಲ್ಲಿ ಮತ್ತೆ ಬರೆದೆ. ಅದೇ ಇಳಿಜಾರು, ಅದೇ ಆಕಾಶ. ಸಣ್ಣ ಕಡ್ಡಿಗಳನ್ನು ಒಂದೊಂದೇ ಎಳೆಯಲು ಹೋಗಿ ಎರಡು ಕಾಗದ ಹಾಳಾಯಿತು, ತಂತಿಬಲೆ ಥರ ಆಯಿತು. ಮೂರನೇದರಲ್ಲಿ ಕುಂಚದ ನೀರೆಲ್ಲ ಒರೆಸಿ, ಒಣಗಿದ ಕುಂಚವನ್ನು ಅಡ್ಡಡ್ಡ ಹಿಡಿದು ಮರದ ತಲೆಯ ಸುತ್ತ ಹಗುರವಾಗಿ ಸವರಿದೆ. ಕಾಗದದ ಉಬ್ಬುಗಳಿಗೆ ಮಾತ್ರ ಬಣ್ಣ ತಾಗಿ ಆ ಹೊಗೆ ಬಂತು. ಅದರ ಮೇಲೆ ಅಲ್ಲೊಂದು ಇಲ್ಲೊಂದು ಗೆರೆ, ಉದ್ದ ಕೂದಲಿನ ಸಣ್ಣ ಕುಂಚದಲ್ಲಿ.

ಮೊದಲ ಚಿತ್ರ ನೋಡಿ ಮನೆಯಲ್ಲಿ ಯಾರು ತೀರಿಹೋದರು ಅಂತ ಕೇಳಿದ್ದರಲ್ಲ, ಅವರಿಗೇ ತೋರಿಸಿದೆ. ಏನೂ ಹೇಳದೆ ಕೈಗೆ ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಚಳಿ ಮುಗಿಯುತ್ತಾ ಬಂತಾ, ಅಂದರು.

ಒಂದು ಮಾತ್ರ ಸರಿಹೋಗಿಲ್ಲ. ಆ ಹೊಗೆಗೆ ಕಂದು ಬಣ್ಣ ಹಾಕಿದೆ, ಮಂಕಾಗಿ ಕಾಣುತ್ತಿದೆ. ಮರದಲ್ಲಿ ನೋಡಿದಾಗ ಅಷ್ಟು ಮಂಕಾಗಿರಲಿಲ್ಲ.

ತೊಗಟೆ:

ಚಿಗುರು ಹತ್ತಿರ ಬಂದಾಗ ಮೊಗ್ಗುಗಳು ಉಬ್ಬುತ್ತವೆ, ಬಹಳ ಮರಗಳಲ್ಲಿ ತುದಿಗೆ ಕೆಂಪು ಬರುತ್ತದೆ. ದೂರದಿಂದ ಇಡೀ ಮರದ ತಲೆಗೆ ನೇರಳೆ ಛಾಯೆ ಹತ್ತಿದ ಹಾಗಿರುತ್ತದೆ. ಕಂದಿಗೆ ಒಂದು ಚೂರು ಕೆನ್ನೇರಳೆ ಬೆರೆಸಿ ನೋಡಿ. ಹಿಂದಿನ ಹಳದಿ ಆಕಾಶಕ್ಕೂ ಅದು ಹೊಂದಬಹುದು. ಆದರೆ ಬೇಗ ಹೋಗಿ ನೋಡಿಕೊಂಡು ಬನ್ನಿ, ಆ ಬಣ್ಣ ಕೆಲವೇ ದಿನ ಇರುತ್ತದೆ.

ಬೋಳುಕೊಂಬೆ:

ನಾಳೆ ಬೆಳಗ್ಗೆಯೇ ಹೋಗುತ್ತೇನೆ.